ಗಾಡಿಗಿಂತ ಮೊದಲು ಮನೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೆಲಸ ಸಿಕ್ಕಿದ್ದಕ್ಕೆ ನಿಮ್ಮಮ್ಮನಿಗಿಂತ ನನಗೇ ಒಂದು ಕೈ ಹೆಚ್ಚು ಖುಷಿಯಾಗಿದೆ. ಆದರೆ ಪತ್ರದಲ್ಲಿ ಕೆಲಸದ ಸುದ್ದಿ ನಾಲ್ಕೇ ಸಾಲು, ಉಳಿದಿದ್ದೆಲ್ಲ ಗಾಡಿಯ ಪುರಾಣ. ಪೆಟ್ರೋಲ್ ಕಾರೋ, ಹೈಬ್ರಿಡ್ಡೋ, ಎಲೆಕ್ಟ್ರಿಕ್ಕೋ, ಯಾವುದು ಕೊಂಡರೆ ಪರಿಸರಕ್ಕೆ ಹಾನಿ ಕಡಿಮೆ ಅಂತ ಕೇಳಿದ್ದೀಯ. ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸುತ್ತಲೇ ಕೂದಲು ನರೆತವನು ನಾನು, ಒಂದು ಮಾಡೆಲ್ ಹೆಸರು ಹೇಳಿಬಿಡುತ್ತೇನೆ ಅಂದುಕೊಂಡಿರಬೇಕು ನೀನು. ಸದ್ಯಕ್ಕೆ ಹೇಳುವುದಿಲ್ಲ. ಮೊದಲು ಆಫೀಸಿಗೆ ಹತ್ತಿರ ಮನೆ ಹುಡುಕು, ಗಾಡಿಯ ಮಾತು ಆಮೇಲೆ.

ಲೆಕ್ಕ ಹಾಕಿ ನೋಡು. ಆಫೀಸು 15 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು 30. ಲೀಟರಿಗೆ 15 ಕೊಡುವ ಕಾರು ದಿನಕ್ಕೆ 2 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಒಂದು ಲೀಟರ್ ಉರಿದರೆ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. ಲೀಟರ್ ಪೆಟ್ರೋಲೇ ಮುಕ್ಕಾಲು ಕಿಲೋ ತೂಗುವಾಗ ಅದರಿಂದ ಎರಡು ಕಿಲೋಗೂ ಮಿಕ್ಕಿ ಅನಿಲ ಹೇಗೆ ಬರುತ್ತೆ ಅಂತ ಡಿಪೋಗೆ ಹೊಸದಾಗಿ ಸೇರಿದ ಹುಡುಗರು ನನ್ನ ಜೊತೆ ವಾದಕ್ಕೇ ನಿಲ್ಲುತ್ತಿದ್ದರು. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ತೂಕದ ಹೆಚ್ಚಿನ ಪಾಲು ಆ ಆಮ್ಲಜನಕದ್ದೇ. ದಿನಕ್ಕೆ ನಾಲ್ಕೂವರೆ ಕಿಲೋ ಅಂತ ಹಿಡಿ, ವರ್ಷಕ್ಕೆ 240 ದಿನ ಕೆಲಸ ಅನ್ನು, ಒಂದು ಟನ್ನು ದಾಟಿತು. ಮನೆ 5 ಕಿಲೋಮೀಟರಿನಲ್ಲಿದ್ದರೆ ಅದೇ ಕಾರಿನಲ್ಲೇ ಈ ಹೊರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಮೈಲೇಜನ್ನು ಒಂದೇ ಏಟಿಗೆ ಮೂರು ಪಟ್ಟು ಮಾಡಿಕೊಡುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ. ಅದೂ ಅಲ್ಲದೆ, 5 ಕಿಲೋಮೀಟರ್ ಅಂದಮೇಲೆ ಕಾರೇ ಯಾಕೆ?

ಇಟಲಿಯ ಭೌತವಿಜ್ಞಾನಿ ಚೇಸರೆ ಮಾರ್ಕೆಟ್ಟಿ 1994ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ನಡೆದೇ ಓಡಾಡುತ್ತಿದ್ದ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯ ದಿನದ ಓಡಾಟಕ್ಕೆ ಸರಾಸರಿ ಒಂದು ಗಂಟೆಯಷ್ಟೇ ಕೊಡುತ್ತಾ ಬಂದಿದ್ದಾನೆ ಅನ್ನುವುದು ಅವರ ವಾದ. ವೇಗದ ಗಾಡಿ ಬಂದಾಗ ಅವನು ಸಮಯ ಉಳಿಸಿಕೊಳ್ಳಲಿಲ್ಲ, ಮನೆಯನ್ನು ಇನ್ನೂ ದೂರ ಒಯ್ದ. ಎಲ್ಲರಿಗೂ ಒಂದೇ ಗಂಟೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ; ಅದರ ಎರಡು ಪಟ್ಟು ಹೊತ್ತು ರಸ್ತೆಯಲ್ಲೇ ಕಳೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ "ಹೇಗೂ ಕಾರಿದೆಯಲ್ಲ, ಸ್ವಲ್ಪ ದೂರವಾದರೇನು" ಅಂತ ಹೇಳಿ ಮನೆ ಹಿಡಿದವರು ನಮ್ಮ ಬಳಗದಲ್ಲೇ ಎಷ್ಟು ಜನ ಇದ್ದಾರೆ, ನೀನೇ ಎಣಿಸು.

ಗಾಡಿ ಮೊದಲು ಬಂದರೆ ಇನ್ನೊಂದು ತೊಡಕಿದೆ. ಕಂತು, ವಿಮೆ ಎಲ್ಲ ನೀನು ಓಡಿಸಿದರೂ ಕಟ್ಟಬೇಕು, ಓಡಿಸದಿದ್ದರೂ ಕಟ್ಟಬೇಕು. ಹಾಗಾಗಿ ಬೆಳಗ್ಗೆ ಮನಸ್ಸು ಲೆಕ್ಕ ಹಾಕುವಾಗ ಅದನ್ನೆಲ್ಲ ಬದಿಗಿಟ್ಟು ಬರೀ ಪೆಟ್ರೋಲಿನ ಖರ್ಚನ್ನೂ ಬಸ್ ಟಿಕೆಟ್ಟನ್ನೂ ಪಕ್ಕಪಕ್ಕ ಇಡುತ್ತದೆ. ಜೊತೆಗೆ ಸ್ಟಾಪಿನಲ್ಲಿ ಕಾಯುವ ಕಷ್ಟ. ಕಾರೇ ಗೆಲ್ಲುತ್ತದೆ. ದಿನಾ ಬೆಳಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಬಸ್ ಹತ್ತುತ್ತೇನೆ ಅನ್ನುವುದು ಮಳೆಗಾಲದ ಮೊದಲ ವಾರಕ್ಕೇ ಮುಗಿದುಹೋಗುವ ವ್ರತ. ಮನೆ ಬಾಗಿಲಿನಿಂದ ಸ್ಟಾಪಿಗೆ ಐದು ನಿಮಿಷದ ದಾರಿ ಇದ್ದರೆ ವ್ರತದ ಗೊಡವೆಯೇ ಬೇಡ.

ಬಸ್ಸಿನ ಬಗ್ಗೆ ನನ್ನದು ಪಕ್ಷಪಾತ ಅನ್ನುತ್ತೀಯ, ಅನ್ನು. ಮೂರು ಜನರನ್ನು ಕೂರಿಸಿಕೊಂಡು ಓಡುವ ದೊಡ್ಡ ಬಸ್ಸು ತಲಾ ಲೆಕ್ಕದಲ್ಲಿ ಕಾರಿಗಿಂತ ಹೆಚ್ಚು ಹೊಗೆ ಬಿಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಬಸ್ಸು ನೀನು ಹತ್ತಿದರೂ ಹೊರಡುತ್ತದೆ, ಹತ್ತದಿದ್ದರೂ ಹೊರಡುತ್ತದೆ. ಹತ್ತು ಟನ್ನಿನ ಗಾಡಿಗೆ ನಿನ್ನೊಬ್ಬಳ ತೂಕ ಸೇರಿದರೆ ಡೀಸೆಲ್ ಖರ್ಚಿನಲ್ಲಿ ವ್ಯತ್ಯಾಸ ಗೊತ್ತೇ ಆಗದು. ಒಬ್ಬಳಿಗಾಗಿ ಒಂದು ಟನ್ನಿನ ಕಾರು ಎಳೆದುಕೊಂಡು ಹೋದರೆ ಪೆಟ್ರೋಲಿನ ಬಹುಪಾಲು ಆ ಕಬ್ಬಿಣವನ್ನು ಸಾಗಿಸಲಿಕ್ಕೇ ಸರಿ. ಡಿಪೋ ಒಳಗಿನ ಇನ್ನೊಂದು ಸಂಗತಿ ಹೊರಗಿನವರಿಗೆ ತಿಳಿಯುವುದಿಲ್ಲ: ಕಲೆಕ್ಷನ್ ಬಾರದ ಟ್ರಿಪ್ಪನ್ನೇ ಮೊದಲು ಕತ್ತರಿಸುವುದು. ಟ್ರಿಪ್ ಕಡಿಮೆಯಾದರೆ ಕಾಯುವ ಹೊತ್ತು ಹೆಚ್ಚು, ಕಾಯುವುದು ಹೆಚ್ಚಾದರೆ ಇನ್ನಷ್ಟು ಜನ ಗಾಡಿ ಕೊಳ್ಳುತ್ತಾರೆ. ನೀನು ತೆಗೆದುಕೊಳ್ಳುವ ಪಾಸು ಆ ರೂಟು ಉಳಿಯಲಿಕ್ಕೂ ಒಂದು ಆಧಾರ.

ಹತ್ತಿರದ ಮನೆ ಸಿಕ್ಕಿದ ಮೇಲೆ ಅಷ್ಟು ಸಣ್ಣ ದೂರಕ್ಕೂ ಕಾರು ಹೊರಗೆ ತೆಗೆದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ತಣ್ಣಗಿರುವ ಇಂಜಿನ್ ಒಳಗೆ ಏನಾಗುತ್ತದೆ ಗೊತ್ತಾ? ಸಿಲಿಂಡರ್ ಗೋಡೆ ಬಿಸಿಯಾಗಿರುವುದಿಲ್ಲ, ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ, ಅದನ್ನು ಸರಿದೂಗಿಸಲು ಇಂಜಿನ್ ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಆಯಿಲ್ ಗಟ್ಟಿಯಾಗಿರುವುದರಿಂದ ತಿರುಗುವುದಕ್ಕೂ ಭಾರ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಶುರುಮಾಡಬೇಕಾದರೆ 250–300 ಡಿಗ್ರಿಯಷ್ಟು ಕಾಯಬೇಕು. ಅಲ್ಲಿಯವರೆಗೆ ಅರ್ಧ ಉರಿದದ್ದು, ಉರಿಯದೇ ಉಳಿದದ್ದು ಎಲ್ಲ ನೇರ ಬೀದಿಗೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕಾರಿನ ಸೈಲೆನ್ಸರ್ ತುದಿಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿರುತ್ತೀಯ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ತಣ್ಣನೆಯ ಪೈಪಿನಲ್ಲಿ ಹನಿಯಾಗಿ ಇಳಿಯುತ್ತದೆ. ಪೈಪು ಇನ್ನೂ ಕಾದಿಲ್ಲ ಅನ್ನುವುದರ ಗುರುತು ಅದು. ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವವರ ಇಂಜಿನ್ ಬಾಳೆಲ್ಲ ಈ ಸ್ಥಿತಿಯಲ್ಲೇ ಕಳೆದುಹೋಗುತ್ತದೆ. ಅಂಥ ಇಂಜಿನ್ ಬೇಗ ಹಾಳಾಗಿ ನಮ್ಮಂಥವರ ಕೈಗೆ ಬರುವುದೂ ಅದಕ್ಕೇ.

ಆ ದೂರಕ್ಕೆ ಕಾಲಿದೆ, ಸೈಕಲ್ ಇದೆ. ಏರು ದಾರಿ ಇದ್ದರೆ ಮೋಟಾರ್ ಇರುವ ಸೈಕಲ್ಲೂ ಆದೀತು, ಅದರ ಬ್ಯಾಟರಿ ಕಾರಿನದರ ಮುಂದೆ ಆಟಿಕೆಯಷ್ಟು ಚಿಕ್ಕದು. ಟೈರಿನ ಗಾಳಿ ಆಗಾಗ ನೋಡಿಕೋ, ಚೈನಿಗೆ ಎಣ್ಣೆ ಬಿಡು. ಸೈಕಲ್ ತುಳಿಯುವುದು ಕಷ್ಟ ಅನ್ನುವವರಲ್ಲಿ ಬಹಳ ಜನರ ಟೈರು ಅರ್ಧ ಬತ್ತಿರುತ್ತದೆ. ಬೆವರಿನ ಚಿಂತೆಗೆ ಆಫೀಸಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟರೆ ಸಾಕು. ಹೆಲ್ಮೆಟ್ಟು, ಹಿಂದೆ ಮುಂದೆ ಲೈಟು ಮಾತ್ರ ಬಿಡಬೇಡ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಕೇಳಿದ್ದೀಯಲ್ಲ, ನ್ಯಾಯವಾಗಿ ಹೇಳುತ್ತೇನೆ. ಪೆಟ್ರೋಲ್ ಇಂಜಿನ್ನು ಕುಡಿದದ್ದರಲ್ಲಿ ಸುಮಾರು ಕಾಲು ಪಾಲನ್ನಷ್ಟೇ ಚಕ್ರಕ್ಕೆ ಕೊಡುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಮೋಟಾರು ಹಾಗಲ್ಲ, ಬಹುಪಾಲನ್ನು ಚಕ್ರಕ್ಕೇ ದಾಟಿಸುತ್ತದೆ, ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ಸೂ ಪಡೆಯುತ್ತದೆ. ಬ್ಯಾಟರಿ ತಯಾರಿಸುವಾಗ ಹೊಗೆಯ ಹೊರೆ ಹೆಚ್ಚು, ಕರೆಂಟು ಕಲ್ಲಿದ್ದಲಿನಿಂದ ಬಂದರೆ ಲಾಭ ಕಡಿಮೆ. ಆದರೂ ಬಾಳಿಕೆಯ ಪೂರ್ತಿ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಅದೇ ಮೇಲು. ಟೈರು ಸವೆದು ಏಳುವ ಧೂಳು ಮಾತ್ರ ತಪ್ಪುವುದಿಲ್ಲ, ಬ್ಯಾಟರಿಯ ಭಾರಕ್ಕೆ ತುಸು ಹೆಚ್ಚೇ ಆದೀತು. ಸಿಗ್ನಲ್ಲಿನಲ್ಲಿ ಅದೂ ಪೆಟ್ರೋಲ್ ಕಾರಿನಷ್ಟೇ ಜಾಗ ಹಿಡಿಯುತ್ತದೆ. ಕೊಳ್ಳಲೇಬೇಕಾದಾಗ ಕೊಳ್ಳು, ಚಿಕ್ಕದನ್ನೇ ಕೊಳ್ಳು.

ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ ಅಂದರೆ ಒಳ್ಳೆಯದೇ. ಆದರೆ ಬಸ್ಸಿನ ಓಡಾಟ ತಪ್ಪಿಸಿ ದಿನವಿಡೀ ಒಬ್ಬಳಿಗೇ ಏಸಿ ಹಾಕಿಕೊಂಡು ಕೂತರೆ ಏನು ಉಳಿಸಿದ ಹಾಗಾಯಿತು?

ಮನೆ ನೋಡಲು ರಜಾ ದಿನ ಹೋಗಬೇಡ. ಖಾಲಿ ರಸ್ತೆಯಲ್ಲಿ ಎಲ್ಲವೂ ಹತ್ತಿರವೇ. ಕೆಲಸದ ದಿನ, ಆಫೀಸಿಗೆ ಹೊರಡುವ ಹೊತ್ತಿಗೇ ಹೋಗು. ಮನೆಯಿಂದ ಸ್ಟಾಪಿಗೆ ನಡೆ, ಎಷ್ಟು ಹೊತ್ತಿಗೊಂದು ಬಸ್ಸು ಬರುತ್ತದೆ, ಹತ್ತಲು ಜಾಗ ಇರುತ್ತದಾ ಅಂತ ನಿಂತು ನೋಡು. ಕತ್ತಲಾದ ಮೇಲೆ ಇನ್ನೊಂದು ಸಲ ಅದೇ ದಾರಿಯಲ್ಲಿ ನಡೆ: ಬೀದಿ ದೀಪ ಉರಿಯುತ್ತಾ, ಫುಟ್‌ಪಾತ್ ಇದೆಯಾ, ಕೊನೆಯ ಬಸ್ಸು ಎಷ್ಟಕ್ಕೆ. ತಡವಾದ ದಿನ ಸುಮ್ಮನೆ ಟ್ಯಾಕ್ಸಿ ಹಿಡಿದು ಬಾ, ಅದಕ್ಕೆ ಅಳುಕಬೇಡ. ವರ್ಷಕ್ಕೆ ಹತ್ತಾರು ಟ್ಯಾಕ್ಸಿ ಓಡಾಟದಿಂದ ಮುಳುಗುವ ಲೆಕ್ಕ ಅಲ್ಲ ಇದು.

ಮನೆ ಗೊತ್ತಾದ ಮೇಲೂ ಎರಡು ಮೂರು ತಿಂಗಳು ಗಾಡಿ ಇಲ್ಲದೆ ಇದ್ದು ನೋಡು. ಆಗಲೂ ಬೇಕೇ ಬೇಕು ಅನ್ನಿಸಿದರೆ ಬರೆ, ನಾನೇ ಬಂದು ಬಾನೆಟ್ ಎತ್ತಿ ನೋಡಿ ಆರಿಸಿಕೊಡುತ್ತೇನೆ. ಎಲೆಕ್ಟ್ರಿಕ್ ಆದರೆ ಬಾನೆಟ್ ಕೆಳಗೆ ನನಗೆ ನೋಡಲು ಹೆಚ್ಚೇನೂ ಇರುವುದಿಲ್ಲ, ಆದರೂ ಬರುತ್ತೇನೆ.

ಇಂತಿ,
ನಿನ್ನ ಮಾವ