ಪಡ್ರೆಯ ಆ ಹುಡುಗರನ್ನು ಮತ್ತೊಮ್ಮೆ ಕಾಣಿರಿ

ಮಾನ್ಯ ಕಾಸರಗೋಡು ಜಿಲ್ಲಾಧಿಕಾರಿಗಳಿಗೆ,

ವಂದನೆಗಳು. ನಾನು ಎಣ್ಮಕಜೆ ಪಂಚಾಯತಿನ ಸ್ವರ್ಗ ಎಂಬ ಊರಿನ ಕಡೆಯವಳು. ನಮ್ಮ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ಎಂದೊಡನೆ ಕಚೇರಿಗಳಲ್ಲಿ ಪರಿಹಾರದ ಕಡತ ತೆರೆದುಕೊಳ್ಳುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಹೋರಾಟ ನಡೆಸುವವರಿದ್ದಾರೆ. ನಾನು ಬರೆಯುತ್ತಿರುವುದು ಯಾವ ಪಟ್ಟಿಯಲ್ಲೂ ಹೆಸರಿಲ್ಲದವರ ಬಗ್ಗೆ.

2003ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳ ಒಂದು ಅಧ್ಯಯನ ಪ್ರಕಟವಾಯಿತು. ನಮ್ಮ ಪಂಚಾಯತಿನ ಪಡ್ರೆ ಗ್ರಾಮದ 117 ಶಾಲಾ ಬಾಲಕರನ್ನು ಸಿಂಪಡಣೆ ಇಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿದ್ದರು. ನಮ್ಮ ಹುಡುಗರಿಗೆ ಪ್ರಾಯ ತಡವಾಗಿ ಬರುತ್ತಿತ್ತು. ಅವರ ವಯಸ್ಸಿಗೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಕಡಿಮೆ. ಅದನ್ನು ತಯಾರಿಸೆಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಎಲ್‌ಎಚ್ ಹಾರ್ಮೋನ್ ಮಾತ್ರ ಹೆಚ್ಚು. ಕೂಗು ಜೋರಾಗಿದೆ, ಓಗೊಡುವವರಿಲ್ಲ. ನನಗೆ ಅರ್ಥವಾದದ್ದು ಹೀಗೆ. ಅಧ್ಯಯನ ಚಿಕ್ಕದೆಂದು ಬರೆದವರೇ ಒಪ್ಪಿದ್ದರು. ಚಿಕ್ಕದಾದರೆ ದೊಡ್ಡದನ್ನು ಮಾಡಬೇಕಲ್ಲವೇ?

ಆ ಹುಡುಗರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಪ್ರಾಯದವರಲ್ಲಿ ಮಗುವಿಗಾಗಿ ಮಂಗಳೂರಿನ ಆಸ್ಪತ್ರೆಗಳಿಗೆ ಅಲೆದು ಸಾಲ ಮಾಡಿಕೊಂಡವರು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಹೆಣ್ಣುಮಕ್ಕಳನ್ನಂತೂ ಆಗಲೂ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ನನಗೆ ಎರಡು ಬಾರಿ ಗರ್ಭ ನಿಲ್ಲಲಿಲ್ಲ. ನಾಗದೋಷವೆಂದು ಆಶ್ಲೇಷ ಬಲಿ ಮಾಡಿಸಿದೆವು. ವಿಷವೇ ಕಾರಣವೆಂದು ನಾನು ಹೇಳಲಾರೆ. ಹೇಳಬಲ್ಲವರು ಯಾರೂ ನಮ್ಮ ಮನೆಗೆ ಕೇಳಲು ಬರಲಿಲ್ಲ.

ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಬಾವಿ ಮುಚ್ಚಿಕೊಳ್ಳಿ ಎನ್ನುತ್ತಿದ್ದರು. ಬಾವಿಗೆ ತೆಂಗಿನ ಮಡಲು ಮುಚ್ಚಬಹುದು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ, ಗುಡ್ಡದ ಹೊಟ್ಟೆಯಿಂದ ಒಸರುವ ನೀರಿಗೆ ಏನು ಮುಚ್ಚುವುದು? ನಾವು ಕುಡಿದದ್ದು, ಅಡಿಕೆ ತೋಟಕ್ಕೆ ಬಿಟ್ಟದ್ದು ಅದೇ ನೀರು. ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ, ಅದೂ ವಿಷವೇ. ಸುರಂಗಗಳ ನೀರನ್ನೂ ತೋಡುಗಳ ಕೆಸರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತ್ ಗೋಡೆಗೆ ಕನ್ನಡದಲ್ಲಿ ಅಂಟಿಸಲು ಹೇಳಿ.

ಅದಕ್ಕಿಂತ ಮೊದಲು, ಆ ತಲೆಮಾರಿನ ಗಂಡಸರು ಹೆಂಗಸರು ಇಬ್ಬರಿಗೂ ಹಾರ್ಮೋನ್ ಮತ್ತು ಸಂತಾನಶಕ್ತಿಯ ಉಚಿತ ತಪಾಸಣೆ ಏರ್ಪಡಿಸಿ. ಗುಟ್ಟು ಕಾಯುವ, ಕನ್ನಡ ಅಥವಾ ತುಳು ಬಲ್ಲ ದಾದಿಯರನ್ನೇ ಕಳುಹಿಸಿ. ಒಮ್ಮೆ ಶಿಬಿರವೊಂದರಲ್ಲಿ ಮಲಯಾಳದ ಅರ್ಜಿ ಓದಿ ಹೇಳಲು ಪಕ್ಕದ ಮನೆಯ ಹುಡುಗನನ್ನು ಕರೆದೊಯ್ದಿದ್ದೆ. ಅವನೆದುರು ಮುಟ್ಟಿನ ಲೆಕ್ಕ, ಗರ್ಭ ಹೋದ ಲೆಕ್ಕ ಹೇಳುವುದು ಹೇಗೆ? ಖಾಲಿ ಬಿಟ್ಟು ಬಂದೆ.

ತಾವು ತಂಡ ಕಳುಹಿಸಿದರೆ ಮನೆಮನೆ ತೋರಿಸಲು ನಾವು ಕೆಲವು ಹೆಂಗಸರು ಜೊತೆಗೆ ನಡೆಯುತ್ತೇವೆ.

ಇತಿ,
ಎಣ್ಮಕಜೆಯ ಒಬ್ಬ ಗೃಹಿಣಿ