ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ

ಮಾನ್ಯರೆ,

ಬ್ಯಾಡಗಿಗೆ ಮೆಣಸಿನಕಾಯಿ, ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಹೇರಿಕೊಂಡು ಓಡುವ ಪಿಕಪ್‌ಗಳಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಗಡಗಡ ನಡುಗಿದರೆ, ಮೊದಲು ಅಲೈನ್‌ಮೆಂಟ್‌ಗೆ ದುಡ್ಡು ಸುರಿಯಬೇಡಿ. ಬ್ರೇಕ್ ಒತ್ತದಿದ್ದರೂ 70–80 ಕಿ.ಮೀ. ವೇಗದಲ್ಲಿ ನಡುಗಿದರೆ ವ್ಹೀಲ್ ಬ್ಯಾಲೆನ್ಸ್ ನೋಡಿಸಿ. ಒತ್ತಿದಾಗ ಮಾತ್ರವಾದರೆ ಅನುಮಾನ ಮುಂದಿನ ಗಾಲಿಯ ಬ್ರೇಕ್ ಡಿಸ್ಕ್ ಮೇಲೆ. ಸೀಟು ನಡುಗಿದರೆ ಹಿಂದಿನ ಬ್ರೇಕ್ ಡ್ರಮ್ ಮೇಲೆ.

ಗಾಲಿಯ ಬೇರಿಂಗ್ ಸಡಿಲವಿಲ್ಲ ಎಂದು ಖಾತ್ರಿಯಾದ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ಡಿಸ್ಕ್ ತಿರುಗಿಸಬೇಕು. ಓಲಾಟ 0.1 ಮಿ.ಮೀ. ದಾಟಿದರೂ ಸಾಕು, ನಡುಕ ಕೈಗೆ ಬರುತ್ತದೆ. ಎಷ್ಟೋ ಸಲ ತಪ್ಪು ಡಿಸ್ಕಿನದಲ್ಲ, ಡಿಸ್ಕ್ ಕೂರುವ ಹಬ್ ಮೇಲೆ ಕುಳಿತ ತುಕ್ಕಿನದು. ಕಾಗದದಷ್ಟು ತೆಳು ಪದರವೂ ಹೊಸ ಡಿಸ್ಕನ್ನು ವಾರೆಯಾಗಿ ಕೂರಿಸುತ್ತದೆ. ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೂ ತಿಕ್ಕಿಸಿ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಜಾಮ್ ಆದ ಪಿನ್‌ಗೆ ಬ್ರೇಕ್ ಗ್ರೀಸೇ ಹಚ್ಚಬೇಕು, ಮಾಮೂಲಿ ಗ್ರೀಸ್ ಅಲ್ಲ. ಮಾಮೂಲಿ ಗ್ರೀಸಿಗೆ ಅಲ್ಲಿನ ರಬ್ಬರ್ ಉಬ್ಬುತ್ತದೆ.

ಡಿಸ್ಕನ್ನು ಲೇಥ್ ಯಂತ್ರದಲ್ಲಿ ತುಸು ಕೆತ್ತಿಸಿ ಸಮ ಮಾಡಿಸಿದರೆ ಡಿಸ್ಕಿನ ಮೇಲೆ ಬರೆದ ಕನಿಷ್ಠ ದಪ್ಪ ಉಳಿಯುವುದಿಲ್ಲ ಎಂದಾದರೆ ಎಡ-ಬಲ ಎರಡೂ ಗಾಲಿಗೆ ಹೊಸ ಡಿಸ್ಕೇ ಹಾಕಿಸಿ. ಗಾಲಿಯ ನಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಸಬೇಕು. ಲೋಡ್ ಇಳಿಸಿದ ಕೂಡಲೇ ಕಾದ ಡಿಸ್ಕಿಗೆ ನೀರು ಹೊಡೆಯುವುದನ್ನು ಚಾಲಕರು ದಯವಿಟ್ಟು ಬಿಡಬೇಕು.

– ಪಿಕಪ್ ಮೆಕ್ಯಾನಿಕ್‌ಗಳು, ಹುಬ್ಬಳ್ಳಿ