ಮಗಳಿಗೊಂದು ಪತ್ರ: ಮಲ್ಲಿಗೆಯ ಹಾಡುಗಳ ಕುರಿತು

ಶಂಕರಪುರ, ಉಡುಪಿ ಜಿಲ್ಲೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕೇಳಿದ್ದ ‘ಮೈಸೂರು ಮಲ್ಲಿಗೆ’ಯ ಹಾಡುಗಳನ್ನು ಅಣ್ಣ ನಿನ್ನ ಮೊಬೈಲಿಗೆ ಕಳುಹಿಸಿದ್ದಾನೆ. ಅವುಗಳ ವಿಷಯವಾಗಿ ನಾಲ್ಕು ಮಾತನ್ನು ಬರೆದೇ ತಿಳಿಸಬೇಕೆಂದು ನನಗೆ ಅನಿಸಿತು. ಕೆ. ಎಸ್. ನರಸಿಂಹಸ್ವಾಮಿಯವರ ಈ ಕವಿತೆಗಳು ಪುಸ್ತಕವಾಗಿ ಬಂದದ್ದು 1942ರಲ್ಲಿ. ಆದರೆ ಪುಸ್ತಕ ಹಿಡಿಯದವರ ಮನೆಗೂ ಅವು ತಲುಪಿದ್ದು ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರು ರಾಗ ಹಾಕಿ ಹಾಡಿದ ಮೇಲೆ. ಬೆಳಗ್ಗೆ ಕೊಯ್ದು ತಂದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುವಷ್ಟು ಹೊತ್ತೂ ನಿನ್ನ ಅಜ್ಜಿ ಆ ಕ್ಯಾಸೆಟ್ಟನ್ನೇ ಹಾಕಿಸುತ್ತಿದ್ದರು. ಅಕ್ಷರ ಬಾರದ ಅವರಿಗೆ ಎಷ್ಟೋ ಪದ್ಯಗಳು ಬಾಯಿಪಾಠವಾಗಿದ್ದವು.

ಎಲ್ಲವನ್ನೂ ಕೇಳು. ಆದರೆ ‘ರಾಯರು ಬಂದರು ಮಾವನ ಮನೆಗೆ’ ಎಂಬುದನ್ನು ರತ್ನಮಾಲಾ ಪ್ರಕಾಶ್ ಅವರ ದನಿಯಲ್ಲಿ, ಕೈಯಲ್ಲಿ ಬೇರೆ ಕೆಲಸವಿಟ್ಟುಕೊಳ್ಳದೆ ಕೇಳಬೇಕು. ಅಳಿಯ ಹುಣ್ಣಿಮೆಯ ರಾತ್ರಿ ಮಾವನ ಮನೆಗೆ ಬರುತ್ತಾನೆ. ಬಾಗಿಲಲ್ಲೇ ಕಾಲಿಗೆ ಬಿಸಿನೀರು ಬರುತ್ತದೆ (ನಮ್ಮ ಕಡೆಯಾಗಿದ್ದರೆ ಹಿಂದೆಯೇ ಬೆಲ್ಲ-ನೀರೂ ಬರುತ್ತಿತ್ತು), ಬೆಳ್ಳಿಯ ಬಟ್ಟಲಲ್ಲಿ ಗಸಗಸೆ ಪಾಯಸ ಕಾದಿರುತ್ತದೆ, ಉಪಚಾರಕ್ಕೆ ಏನೂ ಕೊರತೆಯಿಲ್ಲ. ಹೆಂಡತಿ ಪದುಮಳ ಬಳೆಗಳ ಸದ್ದು ಮಾತ್ರ ಕೇಳಿಸುವುದಿಲ್ಲ. ಪ್ರೀತಿಸುತ್ತೇನೆಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಬಳೆಯ ಸದ್ದಿಗೆ ಕಿವಿಗೊಟ್ಟು ಚಡಪಡಿಸುವ ಆ ಗಂಡನ ಮುನಿಸಿನಲ್ಲಿಯೇ ಅಷ್ಟೂ ಒಲವಿದೆ. ರತ್ನಮಾಲಾ ಅವರು ಸಂಗೀತ ವಿದ್ವಾಂಸ ಆರ್. ಕೆ. ಶ್ರೀಕಂಠನ್ ಅವರ ಮಗಳು. ಅಷ್ಟು ದೊಡ್ಡ ಸಂಗೀತದ ಮನೆಯಲ್ಲಿ ಬೆಳೆದವರಾದರೂ ಇಲ್ಲಿ ವಿದ್ವತ್ತನ್ನು ಮೆರೆಸಲು ಹೋಗದೆ, ಒಂದೊಂದು ಪದವೂ ನಮ್ಮ ಮನಸ್ಸಿಗೆ ಇಳಿಯುವಂತೆ ಹಾಡುತ್ತಾರೆ. ಭಾವಗೀತೆಗೆ ಬೇಕಾದ ಸಂಯಮ ಅದೇ ಎಂದು ನಾನು ನಂಬಿದ್ದೇನೆ.

ಅಶ್ವಥ್ ಅವರದು ಇನ್ನೊಂದು ಬಗೆ. ಶರೀಫರ ಪದಗಳನ್ನು ಎದೆತುಂಬಿ ಹಾಡಿದ ಆ ಕಂಠ, ‘ನಿನ್ನ ಪ್ರೇಮದ ಪರಿಯ’ ಎನ್ನುವಾಗ ಎಷ್ಟು ಮೆತ್ತಗಾಗುತ್ತದೆ ಎಂಬುದನ್ನು ನೀನೇ ಗಮನಿಸು.

ಪ್ರೇಮಗೀತೆಯೆಂದರೆ ಮದುವೆಗೆ ಮುಂಚಿನದು ಎಂದುಕೊಳ್ಳುವವರೇ ಹೆಚ್ಚು. ಈ ಹಾಡುಗಳಲ್ಲಿ ಬಹುಪಾಲು ಸಂಸಾರ ಹೂಡಿದವರ ಒಲವಿದೆ. ಹೊಸ ಮನೆಗೆ ಹೋದ ನಿನಗೆ ಇವನ್ನು ಈಗ ಕಳುಹಿಸುತ್ತಿರುವುದೂ ಅದಕ್ಕಾಗಿಯೇ. ಅಳಿಯಂದಿರಿಗೂ ಕೇಳಿಸು, ಅವರಿಗೆ ಯಾವ ಹಾಡು ಹಿಡಿಸಿತೆಂದು ತಪ್ಪದೆ ಬರೆ.

ಇಂತು,
ನಿನ್ನ ಅಮ್ಮ